ಜೀವಕೋಶಗಳನ್ನು ಓದುವ ವಿದ್ಯೆ

ಪಿಯುಸಿ ಫಲಿತಾಂಶ ಪ್ರಕಟವಾದ ಮೇಲಿನ ಎರಡು ತಿಂಗಳು ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅನೇಕರು ತಮ್ಮ ಕೈನಾಡಿಯನ್ನು ಒಡ್ಡುವ ಮೊದಲು ಮಕ್ಕಳ ಅಂಕಪಟ್ಟಿಯನ್ನು ಮೇಜಿನ ಮೇಲೆ ಇಡುತ್ತಾರೆ. ವೈದ್ಯಕೀಯ ಸೀಟು ಸಿಗುವಂತಿಲ್ಲ, ಎಂಜಿನಿಯರಿಂಗ್‌ನಲ್ಲಿ ಮಗುವಿಗೆ ಆಸಕ್ತಿಯಿಲ್ಲ, ಆಸ್ಪತ್ರೆಗೆ ಸಂಬಂಧಿಸಿದ ಬೇರೆ ವಿದ್ಯೆ ಯಾವುದಿದೆ ಎಂಬುದು ಅವರ ಪ್ರಶ್ನೆ. ಈ ಸಲ ಶ್ರೀಮಠದ ಭಕ್ತರಾದ ಕೃಷಿಕರೊಬ್ಬರು, ತಮ್ಮ ಮಗಳು ಸೈಟೊಟೆಕ್ನಾಲಜಿ ಓದುತ್ತೇನೆಂದು ಹಟ ಹಿಡಿದಿದ್ದಾಳೆಂದು ತಿಳಿಸಿ, "ಸೈಟು ಮಾರುವುದಕ್ಕೂ ಈಗ ಪದವಿ ಬಂತೇ ಡಾಕ್ಟರೇ?" ಎಂದು ಕೇಳಿದರು. ಅವರನ್ನು ನೋಡಿ ನಗುವಂತಿರಲಿಲ್ಲ. ಈ ಹೆಸರಿನ ವಿದ್ಯೆಯೊಂದು ಇದೆಯೆಂಬುದು ನಮ್ಮ ತಾಲೂಕುಗಳಲ್ಲಿ ವಿದ್ಯಾವಂತರಿಗೂ ಅಷ್ಟಾಗಿ ತಿಳಿಯದು. ಅದರ ಪ್ರಯೋಜನವನ್ನು ಮಾತ್ರ ಬಹಳ ಮಂದಿ ಪಡೆದಿದ್ದಾರೆ. ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿಸಿಕೊಂಡವರು, ಪಕ್ಕೆಯಲ್ಲಿ ತುಂಬಿದ ನೀರನ್ನು ಪರೀಕ್ಷೆಗೆ ಕೊಟ್ಟವರು, ಗರ್ಭಕಂಠದ ಲೇಪ ಪರೀಕ್ಷೆ ಮಾಡಿಸಿಕೊಂಡ ತಾಯಂದಿರು, ಇವರೆಲ್ಲರ ವರದಿಯ ಹಿಂದೆ ಈ ವಿದ್ಯೆಯಿದೆ.

ಮನುಷ್ಯ ಶರೀರವು ತನ್ನ ಜೀವಕೋಶಗಳನ್ನು ದಿನವೂ ಉದುರಿಸುತ್ತಿರುತ್ತದೆ. ಬಾಯಿ, ಶ್ವಾಸನಾಳ, ಮೂತ್ರಕೋಶ, ಗರ್ಭಕಂಠ ಮೊದಲಾದವುಗಳ ಒಳಪದರದಿಂದ ಹಳೆಯ ಕೋಶಗಳು ಕಳಚಿ ಕಫದಲ್ಲಿಯೋ ಮೂತ್ರದಲ್ಲಿಯೋ ಸ್ರಾವದಲ್ಲಿಯೋ ಸೇರುತ್ತವೆ. ಇಂತಹ ಕೋಶಗಳನ್ನು ಸಂಗ್ರಹಿಸಿ, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ, ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿ ರೋಗವನ್ನು ಗುರುತಿಸುವ ಶಾಸ್ತ್ರಕ್ಕೆ ಸೈಟಾಲಜಿ ಅಥವಾ ಕೋಶಶಾಸ್ತ್ರವೆಂದು ಹೆಸರು. ಅಂಗಾಂಶದ ಒಂದು ತುಣುಕನ್ನೇ ಕತ್ತರಿಸಿ ತೆಗೆದು ನೋಡುವ ಬಯಾಪ್ಸಿ ಬೇರೆ. ಅಲ್ಲಿ ಕೋಶಗಳು ಗೋಡೆಯಲ್ಲಿಟ್ಟ ಇಟ್ಟಿಗೆಗಳಂತೆ ತಮ್ಮ ತಮ್ಮ ಸ್ಥಾನದಲ್ಲಿಯೇ ಕಾಣುತ್ತವೆ. ಇಲ್ಲಿ ಬಿಡಿ ಇಟ್ಟಿಗೆಗಳನ್ನು ಮಾತ್ರ ನೋಡಿ ಗೋಡೆ ಬಿರುಕು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಹೇಳಬೇಕು.

ರೋಗಿಯ ಹೆಸರಿನ ಮೇಲೆ ಅಂತಿಮ ನಿರ್ಣಯ ಬರೆಯುವವರು ಎಂ.ಡಿ. ಪಡೆದ ರೋಗಶಾಸ್ತ್ರಜ್ಞರು, ಅಂದರೆ ಪೆಥಾಲಜಿಸ್ಟ್. ಅವರಿಗಿಂತ ಮೊದಲು ಆ ಗಾಜಿನ ಪಟ್ಟಿಯನ್ನು ಸಿದ್ಧಪಡಿಸಿ, ಅಂಚಿನಿಂದ ಅಂಚಿಗೆ ಶೋಧಿಸಿ, ಅನುಮಾನ ಹುಟ್ಟಿಸುವ ಕೋಶದ ಪಕ್ಕದಲ್ಲಿ ಶಾಯಿಯ ಚುಕ್ಕೆಯಿಟ್ಟು ಅವರ ಮುಂದಿಡುವವರೇ ಸೈಟೊಟೆಕ್ನಾಲಜಿಸ್ಟ್. ಅಮೆರಿಕದಲ್ಲಿ ಈ ವೃತ್ತಿಯವರ ಹೊಣೆ ಇನ್ನೂ ಹೆಚ್ಚಿನದು. ಗರ್ಭಕಂಠದ ಲೇಪದಲ್ಲಿ ದೋಷ ಕಾಣದಿದ್ದರೆ ಅವರೇ ಸಹಿ ಮಾಡಿ ವರದಿ ಕಳುಹಿಸಬಹುದು. ಆ ಪಟ್ಟಿಯನ್ನು ವೈದ್ಯರು ನೋಡದೆಯೂ ಇರಬಹುದು. ಅಂದಮೇಲೆ ಅವರ ಕಣ್ಣಿಗೆ ತಪ್ಪಿಸಿಕೊಂಡ ಕೋಶವು ಸಾಮಾನ್ಯವಾಗಿ ಎಲ್ಲರ ಕಣ್ಣಿಗೂ ತಪ್ಪಿಸಿಕೊಂಡಂತೆಯೇ. ಈ ವಿದ್ಯೆಗೆ ಹೋಗುವ ಮಕ್ಕಳು ಸಂಬಳ ಎಷ್ಟೆಂದು ಕೇಳುವ ಮೊದಲು ಈ ಸಂಗತಿಯನ್ನು ತಿಳಿದಿರಬೇಕು.

ಗ್ರೀಸ್ ದೇಶದಿಂದ ಬಂದ ವೈದ್ಯ

ಈ ವೃತ್ತಿಯ ಹುಟ್ಟಿಗೆ ಕಾರಣರಾದವರು ಜಾರ್ಜ್ ಪಾಪನಿಕೊಲಾವ್. 1883ರಲ್ಲಿ ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ವೈದ್ಯರ ಮಗನಾಗಿ ಜನಿಸಿದ ಇವರು ಅಥೆನ್ಸಿನಲ್ಲಿ ವೈದ್ಯಕೀಯವನ್ನೂ ಮ್ಯೂನಿಕ್ಕಿನಲ್ಲಿ ಪ್ರಾಣಿಶಾಸ್ತ್ರವನ್ನೂ ಓದಿ, 1913ರಲ್ಲಿ ಪತ್ನಿ ಆಂಡ್ರೊಮಾಖಿಯವರೊಂದಿಗೆ ನ್ಯೂಯಾರ್ಕಿಗೆ ಬಂದರು. ಇಂಗ್ಲಿಷ್ ಸರಿಯಾಗಿ ಬಾರದು, ಕೈಯಲ್ಲಿ ಕಾಸಿಲ್ಲ. ಅಂಗಡಿಯೊಂದರಲ್ಲಿ ಕಾರ್ಪೆಟ್ ಮಾರುವ ಕೆಲಸಕ್ಕೆ ನಿಂತರು. ಪತ್ನಿ ಗುಂಡಿ ಹೊಲಿಯುವ ಕೆಲಸ ಹಿಡಿದರು. ಬಳಿಕ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಸಂಶೋಧನೆಯ ಅವಕಾಶ ದೊರೆಯಿತು.

ಅಲ್ಲಿ ಅವರು ಗಿನಿಯಿಲಿಗಳ ಅಂಡಾಣುಗಳನ್ನು ಅಭ್ಯಸಿಸಬೇಕಾಗಿತ್ತು. ಅಂಡಾಣು ಬಿಡುಗಡೆಯಾಗುವ ಹೊತ್ತನ್ನು ತಿಳಿಯುವುದಕ್ಕಾಗಿ ಪ್ರತಿದಿನ ಆ ಪ್ರಾಣಿಗಳ ಯೋನಿಸ್ರಾವವನ್ನು ಗಾಜಿನ ಮೇಲೆ ಹರಡಿ ನೋಡತೊಡಗಿದರು. ಋತುಚಕ್ರದೊಂದಿಗೆ ಕೋಶಗಳ ಆಕಾರವೂ ಕ್ರಮವಾಗಿ ಬದಲಾಗುವುದು ಕಂಡುಬಂತು. 1917ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಮಾನವರಲ್ಲಿ ಇದೇ ಅಧ್ಯಯನಕ್ಕೆ ತೊಡಗಿದಾಗ ಅವರ ಪತ್ನಿಯೇ ವರ್ಷಗಟ್ಟಲೆ ತಮ್ಮ ಲೇಪವನ್ನು ಪರೀಕ್ಷೆಗೆ ನೀಡಿದರು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಆ ತಾಯಿಯ ಹೆಸರು ಗಂಡನ ಹೆಸರಿನ ನೆರಳಿನಲ್ಲಿ ಉಳಿದುಹೋಯಿತು. ಆಸ್ಪತ್ರೆಯ ಮಹಿಳೆಯರ ಲೇಪಗಳನ್ನು ನೋಡುವಾಗ ಪಾಪನಿಕೊಲಾವ್ ಅವರಿಗೆ ಅವುಗಳ ನಡುವೆ ಕ್ಯಾನ್ಸರ್ ಕೋಶಗಳು ಕಂಡವು. 1928ರಲ್ಲಿ ಸಮ್ಮೇಳನವೊಂದರಲ್ಲಿ ಇದನ್ನು ಮಂಡಿಸಿದರು. ರುಮೇನಿಯ ದೇಶದ ಆರೆಲ್ ಬಾಬೆಶ್ ಎಂಬ ವೈದ್ಯರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇಂತಹುದೇ ವಿಧಾನವನ್ನು ಕಂಡುಕೊಂಡಿದ್ದರು. ವೈದ್ಯಲೋಕವು ಇಬ್ಬರ ಮಾತನ್ನೂ ಒಡನೆಯೇ ಅಂಗೀಕರಿಸಲಿಲ್ಲ. ಸ್ತ್ರೀರೋಗತಜ್ಞ ಹರ್ಬರ್ಟ್ ಟ್ರೌಟ್ ಅವರೊಡನೆ ಸೇರಿ ಪಾಪನಿಕೊಲಾವ್ 1943ರಲ್ಲಿ ಗ್ರಂಥವನ್ನು ಹೊರತಂದ ಮೇಲೆಯೇ ಈ ಪರೀಕ್ಷೆಗೆ ಮನ್ನಣೆ ಬಂದದ್ದು. ಅವರ ಹೆಸರಿನ ಮೊದಲಕ್ಷರಗಳಿಂದಲೇ ಅದಕ್ಕೆ ಪ್ಯಾಪ್ ಪರೀಕ್ಷೆಯೆಂಬ ಹೆಸರಾಯಿತು.

ಮನ್ನಣೆ ಬಂದೊಡನೆ ಹೊಸದೊಂದು ಸಮಸ್ಯೆ ತಲೆದೋರಿತು. ಲಕ್ಷಾಂತರ ಮಹಿಳೆಯರ ಲೇಪಗಳನ್ನು ನೋಡುವವರು ಯಾರು? ಅಷ್ಟು ಮಂದಿ ವೈದ್ಯರಿಲ್ಲ, ಇದ್ದರೂ ಅವರಿಗೆ ಬಿಡುವಿಲ್ಲ. ವೈದ್ಯರಲ್ಲದಿದ್ದರೂ ಜೀವಶಾಸ್ತ್ರ ಬಲ್ಲವರನ್ನು ಈ ಒಂದೇ ಕೆಲಸಕ್ಕಾಗಿ ತರಬೇತುಗೊಳಿಸುವ ಪದ್ಧತಿ ಹೀಗೆ ಬೆಳೆಯಿತು. ಅಮೆರಿಕದಲ್ಲಿ ಅದು ಪದವಿ ಶಿಕ್ಷಣವಾಗಿ ರೂಪುಗೊಂಡಿತು. ಮೊದಲ ವರ್ಷಗಳಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಇವುಗಳ ಪಾಠ. ಕೊನೆಯ ವರ್ಷ ಪೂರ್ತಿ ಸೂಕ್ಷ್ಮದರ್ಶಕದ ಮುಂದೆ ವೃತ್ತಿಶಿಕ್ಷಣ. ಆಮೇಲೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ.

ಮೊದಲು ಸಹಜವನ್ನು ಕಲಿಯಬೇಕು

ಕ್ಯಾನ್ಸರ್ ಕೋಶವನ್ನು ಗುರುತಿಸುವ ವಿದ್ಯೆಯೆಂದರೆ ಮೊದಲ ದಿನದಿಂದಲೇ ಕ್ಯಾನ್ಸರ್ ಕೋಶವನ್ನು ತೋರಿಸುತ್ತಾರೆಂದು ಹೊಸ ವಿದ್ಯಾರ್ಥಿಗಳು ಭಾವಿಸುವುದುಂಟು. ಹಾಗಾಗುವುದಿಲ್ಲ. ಆರಂಭದ ವಾರಗಳೆಲ್ಲ ಆರೋಗ್ಯವಂತರ ಕೋಶಗಳನ್ನು ನೋಡುವುದರಲ್ಲಿಯೇ ಕಳೆಯುತ್ತವೆ. ಹುಡುಗಿಯ ಕೋಶ ಹೇಗಿರುತ್ತದೆ, ಗರ್ಭಿಣಿಯದು ಹೇಗೆ, ಬಾಣಂತಿಯದು ಹೇಗೆ, ಮುಟ್ಟು ನಿಂತವರದು ಹೇಗೆ, ತಿಂಗಳ ಮೊದಲ ವಾರದಲ್ಲಿ ಏನು, ಮೂರನೆಯ ವಾರದಲ್ಲಿ ಏನು, ಇವನ್ನೆಲ್ಲ ಕಣ್ಣು ಮುಚ್ಚಿದರೂ ಕಾಣುವಷ್ಟು ಸಲ ನೋಡಬೇಕು. ಸಹಜದ ವೈವಿಧ್ಯವನ್ನು ಅರಿಯದವರು ಕಂಡದ್ದನ್ನೆಲ್ಲ ರೋಗವೆಂದಾರು. ಅದರಿಂದಾಗುವ ಹಾನಿಯೂ ಸಣ್ಣದಲ್ಲ. ಇಲ್ಲದ ರೋಗದ ಭಯದಿಂದ ತಿಂಗಳುಗಟ್ಟಲೆ ಊಟ ನಿದ್ರೆ ಬಿಟ್ಟ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ಅಳತೆಗೋಲು ಕೂಡ ಗಾಜಿನ ಪಟ್ಟಿಯ ಮೇಲೆಯೇ ಇರುತ್ತದೆ. ಗರ್ಭಕಂಠದ ಒಳಪದರದಲ್ಲಿ ನಡುವಣ ಹಂತದ ಕೋಶಗಳೆಂದು ಒಂದು ವರ್ಗವಿದೆ. ಅವುಗಳ ಕೋಶಕೇಂದ್ರದ ಗಾತ್ರವನ್ನು ಪ್ರಮಾಣವಾಗಿಟ್ಟುಕೊಂಡು ಉಳಿದವನ್ನು ತೂಗಿ ನೋಡುತ್ತಾರೆ. ಅನುಮಾನದ ಕೋಶದ ಕೇಂದ್ರವು ಇದರ ಮೂರು ಪಟ್ಟಿಗಿಂತ ಹೆಚ್ಚು ವಿಸ್ತಾರವಾಗಿದ್ದರೆ, ಅಂಚು ಸೊಟ್ಟಗಿದ್ದರೆ, ಬಣ್ಣ ಕಪ್ಪಿಟ್ಟಿದ್ದರೆ ಕ್ಯಾನ್ಸರಿಗೆ ಮುಂಚಿನ ಸೌಮ್ಯ ಬದಲಾವಣೆಯನ್ನು ಶಂಕಿಸಬೇಕು. ವಿಚಿತ್ರವೆಂದರೆ, ಬದಲಾವಣೆ ತೀವ್ರವಾದಂತೆ ಕೋಶವು ದೊಡ್ಡದಾಗುವುದರ ಬದಲು ಬಹುಮಟ್ಟಿಗೆ ಸಣ್ಣದಾಗುತ್ತದೆ. ಕೋಶದ್ರವ್ಯ ಕುಗ್ಗಿ, ಕೇಂದ್ರವೇ ಕೋಶವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ದೊಡ್ಡದಾಗಿ, ವಿಕಾರವಾಗಿ ಕಾಣುವುದನ್ನೇ ಹುಡುಕುತ್ತಿರುವ ಕಣ್ಣು ಈ ಸಣ್ಣ ಕೋಶಗಳನ್ನು ನಿರಪಾಯವೆಂದು ದಾಟಿ ಹೋಗಿಬಿಡುತ್ತದೆ. ಹತ್ತಾರು ಸಾವಿರ ಕೋಶಗಳ ನಡುವೆ ಅವು ಹತ್ತೋ ಹನ್ನೆರಡೋ ಇದ್ದಾವು. ಪಾಠದ ಬಹುಪಾಲು ಶ್ರಮವೆಲ್ಲ ಇವುಗಳಿಗಾಗಿಯೇ.

ಬಣ್ಣ ಹಾಕುವುದೇ ಒಂದು ಪ್ರತ್ಯೇಕ ಪಾಠ. ಪ್ಯಾಪ್ ಲೇಪಕ್ಕೆ ಬಳಸುವ ಮುಖ್ಯ ಬಣ್ಣವಾದ ಹೆಮಟಾಕ್ಸಿಲಿನ್ ಮೆಕ್ಸಿಕೊ ಕಡೆಯ ಮರವೊಂದರ ಕೆಚ್ಚಿನಿಂದ ತೆಗೆಯುವ ದ್ರವ್ಯವೆಂಬುದನ್ನು ಓದಿದಾಗ ಗಿಡಮೂಲಿಕೆಯವನಾದ ನನಗೆ ಸಹಜವಾಗಿಯೇ ಸಂತೋಷವಾಯಿತು. ಅದು ಕೋಶಕೇಂದ್ರವನ್ನು ನೀಲಿಯಾಗಿಸುತ್ತದೆ. ಉಳಿದ ಬಣ್ಣಗಳು ಕೋಶದ್ರವ್ಯವನ್ನು ಹಿಡಿಯುತ್ತವೆ. ಬಲಿತ ಮೇಲ್ಪದರದ ಕೋಶ ಗುಲಾಬಿಯಾಗಿ, ನಡುವಣ ಕೋಶ ಹಸಿರು ನೀಲಿಯಾಗಿ, ಗಡುಸಾಗಿ ಚಿಪ್ಪುಗಟ್ಟಿದ ಕೋಶ ಕಿತ್ತಳೆಯಾಗಿ ಕಾಣಿಸುತ್ತದೆ. ಆದರೆ ಲೇಪವನ್ನು ಗಾಜಿನ ಮೇಲೆ ಹರಡಿದ ಕ್ಷಣದಲ್ಲಿಯೇ, ಇನ್ನೂ ಹಸಿಯಾಗಿರುವಾಗಲೇ ಶೇಕಡಾ 95ರ ಆಲ್ಕೊಹಾಲಿನಲ್ಲಿ ಮುಳುಗಿಸಬೇಕು. ಗಾಳಿಗೆ ಒಣಗಿದರೆ ಕೋಶ ಉಬ್ಬಿ, ಕೇಂದ್ರದ ರೇಖೆಗಳು ಕಲಸಿಹೋಗಿ, ಎಷ್ಟೇ ಒಳ್ಳೆಯ ಬಣ್ಣ ಹಾಕಿದರೂ ಏನೂ ಸ್ಪಷ್ಟವಾಗಿ ಕಾಣದು.

ಇದನ್ನು ಓದುವಾಗ ಒಬ್ಬ ತಾಯಿಯ ನೆನಪಾಗುತ್ತದೆ. ಹಳ್ಳಿಯೊಂದರ ಉಚಿತ ಶಿಬಿರದಲ್ಲಿ ಆಕೆಯ ಲೇಪ ತೆಗೆದಿದ್ದರು. ಆಲ್ಕೊಹಾಲಿನ ಪಾತ್ರೆ ಬೇರೊಂದು ಕೋಣೆಯಲ್ಲಿತ್ತಂತೆ. ನಾಲ್ಕೈದು ಜನರದು ಒಟ್ಟಾದ ಮೇಲೆ ಒಯ್ದು ಅದ್ದಿದರಂತೆ. ವರದಿಯಲ್ಲಿ ಪರೀಕ್ಷೆಗೆ ಅಸಮರ್ಪಕ ಎಂಬರ್ಥದ ಇಂಗ್ಲಿಷ್ ಪದ ಬಂದಿತ್ತು. ಮನೆಯವರು ಅದನ್ನು ಏನೂ ದೋಷವಿಲ್ಲ ಎಂದು ಓದಿಕೊಂಡು ದೇವರಿಗೆ ಕಾಯಿ ಒಡೆಸಿದರು. ಹದಿನಾಲ್ಕು ತಿಂಗಳ ಬಳಿಕ ಸಂಗದ ನಂತರ ರಕ್ತ ಕಾಣಿಸಿಕೊಳ್ಳುತ್ತಿದೆಯೆಂದು ಆಕೆ ನನ್ನಲ್ಲಿಗೆ ಬಂದಾಗ ಆ ಹಳೆಯ ಕಾಗದವನ್ನು ನೋಡಿದೆ. ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆನಾದರೂ ರೋಗವು ಶಸ್ತ್ರಕ್ರಿಯೆಯ ಹಂತವನ್ನು ದಾಟಿತ್ತು. ವಿಕಿರಣ ಚಿಕಿತ್ಸೆಯೇ ಆಯಿತು. ಓದುಗರು ದಯವಿಟ್ಟು ಗಮನಿಸಬೇಕು: ಅಸಮರ್ಪಕವೆಂಬ ವರದಿಗೆ ರೋಗವಿಲ್ಲವೆಂಬ ಅರ್ಥವಿಲ್ಲ, ನೋಡಲಾಗಲಿಲ್ಲ ಎಂದಷ್ಟೇ ಅರ್ಥ. ಲೇಪವನ್ನು ಮತ್ತೊಮ್ಮೆ ತೆಗೆಸಲೇಬೇಕು. ಸಾಂಪ್ರದಾಯಿಕ ಲೇಪದಲ್ಲಿ ಚೆನ್ನಾಗಿ ಕಾಣುವ ಕೋಶಗಳು ಕನಿಷ್ಠ 8ರಿಂದ 12 ಸಾವಿರವಾದರೂ ಇರಬೇಕೆಂಬ ನಿಯಮವುಂಟು. 1988ರಲ್ಲಿ ಅಮೆರಿಕದ ಬೆಥೆಸ್ಡಾ ಎಂಬಲ್ಲಿ ತಜ್ಞರು ಸೇರಿ ರೂಪಿಸಿ, ಮುಂದೆ ಹಲವು ಬಾರಿ ಪರಿಷ್ಕರಿಸಿದ ವರದಿ ಪದ್ಧತಿಯನ್ನೇ ಇಂದು ನಮ್ಮಲ್ಲಿಯೂ ಅನುಸರಿಸುತ್ತಾರೆ. ವಿದ್ಯಾರ್ಥಿಗೆ ಅದು ಅಕ್ಷರಮಾಲೆಯಷ್ಟು ಕಂಠಪಾಠವಾಗಿರಬೇಕು.

ಗರ್ಭಕಂಠದ ಪಾಠ ಮುಗಿದ ಮೇಲೆ ಕಫ, ಮೂತ್ರ, ಪಕ್ಕೆಯ ನೀರು, ಹೊಟ್ಟೆಯ ನೀರು, ಬೆನ್ನುಹುರಿಯ ದ್ರವ ಇವುಗಳ ಸರದಿ. ಬಳಿಕ ಸಣ್ಣ ಸೂಜಿಯಿಂದ ಗಂಟಿನೊಳಗಿನ ಕೋಶಗಳನ್ನು ಹೀರಿ ತೆಗೆಯುವ ಎಫ್‌ಎನ್‌ಎಸಿ. ನಮ್ಮ ಭಾಗದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಗಳಗಂಡ, ಸ್ತನದ ಗಂಟು, ಕುತ್ತಿಗೆಯಲ್ಲಿ ಸಾಲಾಗಿ ಏಳುವ ಗಂಡಮಾಲೆ ಇವುಗಳಲ್ಲಿ ಯಾವುದು ಕ್ಷಯ, ಯಾವುದು ಕ್ಯಾನ್ಸರ್, ಯಾವುದು ಬರಿಯ ಊತ ಎಂಬುದು ಬಹಳ ಸಲ ಒಂದೇ ದಿನದಲ್ಲಿ ತಿಳಿದುಬರುತ್ತದೆ. ಕ್ಷಯದ ಗಂಟಿನಲ್ಲಿ ಕಾಣುವ ಒಂದು ಬಗೆಯ ಕೋಶಗಳ ಕೇಂದ್ರವು ಚಪ್ಪಲಿಯ ಅಟ್ಟೆಯಂತೆ ಉದ್ದವಾಗಿ, ನಡುವೆ ತುಸು ಸೊಂಟ ಹಿಡಿದಂತಿರುತ್ತದೆ. ಒಮ್ಮೆ ನೋಡಿದವರು ಮರೆಯಲಾರರು. ನಮ್ಮ ಪಟ್ಟಣದ ಪೆಥಾಲಜಿಸ್ಟ್ ಮಿತ್ರರು ಎರಡು ತಲೆಯ ಸೂಕ್ಷ್ಮದರ್ಶಕದಲ್ಲಿ ನನಗೂ ಅದನ್ನು ತೋರಿಸಿದ್ದಾರೆ. ಗುರುವೂ ಶಿಷ್ಯನೂ ಒಂದೇ ಕೋಶವನ್ನು ಒಂದೇ ಕ್ಷಣದಲ್ಲಿ ನೋಡುವ ಈ ಉಪಕರಣವಿಲ್ಲದೆ ಈ ವಿದ್ಯೆಯನ್ನು ಪುಸ್ತಕದಿಂದ ಮಾತ್ರ ಕಲಿಸುವುದು ಸಾಧ್ಯವಿಲ್ಲ.

ಇಲ್ಲಿ ನನ್ನ ಸ್ವಂತ ಶಾಸ್ತ್ರದ ಬಗೆಗೂ ಒಂದು ಮಾತು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಳಗಂಡಗಳ ವಿವರಣೆಯಿದೆ. ಅದನ್ನು ಓದಿ, ಜೀವಕೋಶದ ಜ್ಞಾನವೂ ನಮ್ಮವರಿಗೆ ಆಗಲೇ ಇತ್ತೆಂದು ಭಾಷಣ ಮಾಡುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಕೋಶವೆಂಬ ಹೆಸರನ್ನು ರಾಬರ್ಟ್ ಹುಕ್ ಕೊಟ್ಟದ್ದು 1665ರಲ್ಲಿ, ಸೂಕ್ಷ್ಮದರ್ಶಕವಿದ್ದುದರಿಂದ. ರೋಗದ ಮೂಲವನ್ನು ಕೋಶದಲ್ಲಿಯೇ ಹುಡುಕಬೇಕೆಂದು ವಿರ್ಖೋ ಪ್ರತಿಪಾದಿಸಿದ್ದು 1858ರಲ್ಲಿ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಯ ಪರೀಕ್ಷೆಯನ್ನು ನಮ್ಮ ಆಚಾರ್ಯರು ಹೇಳಿದರು. ಅವರ ದರ್ಶನವು ಬರಿಗಣ್ಣಿನದು, ಆ ಮಿತಿಯಲ್ಲಿ ಅದ್ಭುತವಾದುದು. ಬಿಳಿ ಸೆರಗೆಂದು ಬರುವ ಮಹಿಳೆಗೆ ಲೋಧ್ರವನ್ನೋ ಅಶೋಕಾರಿಷ್ಟವನ್ನೋ ಬರೆಯುವ ಮೊದಲು, ಮೂವತ್ತು ದಾಟಿದವರಾದರೆ ಗರ್ಭಕಂಠದ ಪರೀಕ್ಷೆಯಾಗಿದೆಯೇ ಎಂದು ನಾನು ಕೇಳುತ್ತೇನೆ. ಆಗದಿದ್ದರೆ ಚೀಟಿ ಬರೆದು ಕಳುಹಿಸುತ್ತೇನೆ. ಕಷಾಯವು ಸ್ರಾವವನ್ನು ಕಡಿಮೆ ಮಾಡಿ, ಒಳಗಿನ ರೋಗ ಅಷ್ಟೇ ದಿನ ಮರೆಯಲ್ಲಿ ಬೆಳೆಯುವಂತಾದರೆ ಅದು ಚಿಕಿತ್ಸೆಯಾಗದು.

ದಿನಕ್ಕೆ ನೂರು

1987ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ವಾಲ್ಟ್ ಬೊಗ್ಡಾನಿಚ್ ಎಂಬ ವರದಿಗಾರರು ಅಲ್ಲಿನ ಕೆಲವು ಪ್ರಯೋಗಾಲಯಗಳ ಸ್ಥಿತಿಯನ್ನು ಬಯಲಿಗೆಳೆದರು. ಗಾಜಿನ ಪಟ್ಟಿಯೊಂದಕ್ಕೆ ಇಂತಿಷ್ಟು ಎಂಬ ಲೆಕ್ಕದಲ್ಲಿ ಕೂಲಿ ಕೊಟ್ಟು, ಮಿತಿಮೀರಿ ಪಟ್ಟಿಗಳನ್ನು ನೋಡಿಸುತ್ತಿದ್ದರು. ಬೀಡಿ ಕಟ್ಟಿದಂತೆ ಎಣಿಕೆಯ ಮೇಲೆ ಕ್ಯಾನ್ಸರ್ ಪರೀಕ್ಷೆ ನಡೆದಿತ್ತು ಎನ್ನಿ. ಕೋಶಗಳು ಕಣ್ತಪ್ಪಿ ಮಹಿಳೆಯರು ಪ್ರಾಣ ಕಳೆದುಕೊಂಡಿದ್ದರು. ಮರುವರ್ಷವೇ, 1988ರಲ್ಲಿ, ಅಲ್ಲಿನ ಸಂಸತ್ತು ಕಾನೂನು ಮಾಡಿತು. ಅದರ ಅನ್ವಯ ಒಬ್ಬರು ದಿನದ 24 ಗಂಟೆಗಳಲ್ಲಿ 100ಕ್ಕಿಂತ ಹೆಚ್ಚು ಪಟ್ಟಿಗಳನ್ನು ನೋಡುವಂತಿಲ್ಲ, ಆ ನೂರನ್ನೂ 8 ಗಂಟೆಗಿಂತ ಕಡಿಮೆ ಅವಧಿಯಲ್ಲಿ ಮುಗಿಸುವಂತಿಲ್ಲ. ದೋಷವಿಲ್ಲವೆಂದು ಬರೆದವುಗಳಲ್ಲಿ ಕನಿಷ್ಠ ಹತ್ತರಲ್ಲೊಂದು ಭಾಗವನ್ನು ಮತ್ತೊಬ್ಬರು ಪುನಃ ನೋಡಲೇಬೇಕು. ನೂರು ಎಂಬುದು ಗರಿಷ್ಠ ಮಿತಿ, ಗುರಿಯಲ್ಲ. ಒಂದು ಪಟ್ಟಿಯನ್ನು ನ್ಯಾಯವಾಗಿ ನೋಡಲು ಐದರಿಂದ ಹತ್ತು ನಿಮಿಷ ಬೇಕು.

ಈ ಕೆಲಸದ ಸ್ವಭಾವವನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ದಿನವಿಡೀ ಕುಳಿತಲ್ಲಿಯೇ ಕುಳಿತು, ಬಲಗೈಯಲ್ಲೋ ಎಡಗೈಯಲ್ಲೋ ತಿರುಪನ್ನು ತಿರುಗಿಸುತ್ತ, ಹೊಲ ಉಳುವವನು ಸಾಲಿಗೆ ಸಾಲು ಹಿಡಿದು ಹೋಗುವಂತೆ, ಒಂದು ಸಾಲಿನ ಅಂಚು ಮತ್ತೊಂದನ್ನು ತುಸು ಮುಚ್ಚುವ ಹಾಗೆ ಗಾಜಿನ ಪಟ್ಟಿಯನ್ನು ಪೂರ್ತಿ ಶೋಧಿಸಬೇಕು. ನಡುವೆ ಗೆರೆ ಬಿಟ್ಟರೆ ಅಲ್ಲಿಯೇ ಆ ಕೋಶ ಇದ್ದೀತು. ಕತ್ತು, ಭುಜ, ಕಣ್ಣುಗಳು ನೋಯುತ್ತವೆ. ರೋಗಿಯ ಮುಖ ಕಾಣದು, ಕೃತಜ್ಞತೆಯ ಮಾತು ಕೇಳದು. ಜನರೊಡನೆ ಬೆರೆತು ಮಾತಾಡುವುದರಲ್ಲಿ ಸುಖ ಕಾಣುವ ಮಕ್ಕಳಿಗೆ ಇದು ಹಿಡಿಸದು. ಅವರನ್ನು ಬಲವಂತದಿಂದ ಸೇರಿಸಬಾರದು. ಕಸೂತಿ ಹಾಕುವ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಬೇಸರಿಸದ ಹುಡುಗಿ, ಗಡಿಯಾರ ಬಿಚ್ಚಿ ಕೂಡಿಸುವ ಹುಡುಗ, ಇಂತಹವರ ಕಾಯಕ ಇದು.

ಸೇರುವ ಮುನ್ನ ವಿಚಾರಿಸಬೇಕಾದ ಸಂಗತಿಗಳು

ನಮ್ಮ ದೇಶದಲ್ಲಿ ಸೈಟೊಟೆಕ್ನಾಲಜಿಯನ್ನೇ ಪ್ರತ್ಯೇಕ ಪದವಿಯಾಗಿ ಕಲಿಸುವ ಸಂಸ್ಥೆಗಳು ವಿರಳ. ಕರ್ನಾಟಕದಲ್ಲಿ ಹೆಚ್ಚಿನವರು ಪಿಯುಸಿ ವಿಜ್ಞಾನದ ಬಳಿಕ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಬಿ.ಎಸ್ಸಿ. ಪದವಿಗೆ ಸೇರುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಅನೇಕ ಕಾಲೇಜುಗಳಲ್ಲಿ ಇದು ಇದೆ. ಅದರಲ್ಲಿ ಕೋಶಶಾಸ್ತ್ರವು ರೋಗಶಾಸ್ತ್ರದ ಒಂದು ಭಾಗವಾಗಿ ಮಾತ್ರ ಬರುತ್ತದೆ. ಪರಿಣತಿಯನ್ನು ಪದವಿಯ ಬಳಿಕ ದೊಡ್ಡ ಆಸ್ಪತ್ರೆಯ ಕೋಶಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುತ್ತ ಗಳಿಸಬೇಕು. ಇಂಡಿಯನ್ ಅಕಾಡೆಮಿ ಆಫ್ ಸೈಟಾಲಜಿಸ್ಟ್ಸ್ ಎಂಬ ತಜ್ಞರ ಸಂಘವು ಈ ವೃತ್ತಿಯವರಿಗಾಗಿಯೇ ಅರ್ಹತಾ ಪರೀಕ್ಷೆ ನಡೆಸುತ್ತದೆ. ಅದನ್ನು ತೇರ್ಗಡೆಯಾದವರಿಗೆ ಒಳ್ಳೆಯ ಪ್ರಯೋಗಾಲಯಗಳಲ್ಲಿ ಗೌರವವಿದೆ.

2021ರಲ್ಲಿ ಕೇಂದ್ರ ಸರ್ಕಾರವು ಸಹಾಯಕ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಜಾರಿಗೆ ತಂದಿತು. ಅದರ ಪಟ್ಟಿಯಲ್ಲಿ ಸೈಟೊಟೆಕ್ನಾಲಜಿಸ್ಟ್ ಎಂಬ ಹೆಸರು ಪ್ರತ್ಯೇಕವಾಗಿಯೇ ಇದೆ. ಆರೋಗ್ಯ ವೃತ್ತಿನಿರತರೆನ್ನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ, ಮೂರರಿಂದ ಆರು ವರ್ಷ ಅವಧಿಯ ಪದವಿ ಶಿಕ್ಷಣ ಬೇಕೆಂದು ಕಾಯಿದೆ ಹೇಳುತ್ತದೆ. ಆದ್ದರಿಂದ ಬಸ್ ನಿಲ್ದಾಣದ ಗೋಡೆಗಳ ಮೇಲೆ ಆರು ತಿಂಗಳ ಲ್ಯಾಬ್ ಕೋರ್ಸೆಂದು ಜಾಹೀರಾತು ಅಂಟಿಸುವವರನ್ನು ನಂಬಿ ಹಣ ಸುರಿಯಬಾರದು.

ಕಾಲೇಜಿಗೆ ಭೇಟಿ ಕೊಟ್ಟಾಗ ಕಟ್ಟಡದ ಗ್ರಾನೈಟು ನೆಲವನ್ನು ನೋಡಿ ಮರುಳಾಗುವುದಕ್ಕಿಂತ ಕೆಲವು ಪ್ರಶ್ನೆಗಳನ್ನು ಕೇಳುವುದು ಲೇಸು. ಕಾಲೇಜಿಗೆ ಸ್ವಂತ ಆಸ್ಪತ್ರೆಯಿದೆಯೇ, ಅಲ್ಲಿ ದಿನಕ್ಕೆ ಎಷ್ಟು ಎಫ್‌ಎನ್‌ಎಸಿ, ಎಷ್ಟು ಪ್ಯಾಪ್ ಲೇಪಗಳು ಬರುತ್ತವೆ? ವಿದ್ಯಾರ್ಥಿಗೆ ದಿನಕ್ಕೆ ಎಷ್ಟು ಹೊತ್ತು ಸೂಕ್ಷ್ಮದರ್ಶಕ ಸಿಗುತ್ತದೆ, ಎಷ್ಟು ಮಂದಿಗೆ ಒಂದು? ಹಳೆಯ ಗಾಜಿನ ಪಟ್ಟಿಗಳ ಸಂಗ್ರಹವಿದೆಯೇ? ಈ ಕೊನೆಯದು ಬಹು ಮುಖ್ಯ. ಅಪರೂಪದ ರೋಗದ ಕೋಶ ವಿದ್ಯಾರ್ಥಿಯ ಓದಿನ ಅವಧಿಯಲ್ಲಿ ಒಮ್ಮೆಯೂ ಬಾರದಿರಬಹುದು. ಸಂಗ್ರಹದಲ್ಲಿದ್ದರೆ ಮಾತ್ರ ಅದನ್ನು ನೋಡಿ ಕಲಿಯಲು ಸಾಧ್ಯ. ಈ ಪ್ರಶ್ನೆಗಳಿಗೆ ಪ್ರಾಂಶುಪಾಲರು ತಡವರಿಸಿದರೆ ಬೇರೆ ಕಾಲೇಜನ್ನು ನೋಡಬಹುದು.

ಯಂತ್ರಗಳು ಬಂದ ಮೇಲೆ

ಇನ್ನೊಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಾಣುವೇ ಮೂಲವೆಂದು ತೋರಿಸಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂತು. ಈಗ ಆ ವೈರಾಣುವನ್ನೇ ನೇರವಾಗಿ ಯಂತ್ರದಲ್ಲಿ ಪತ್ತೆಹಚ್ಚುವ ಪರೀಕ್ಷೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಪರೀಕ್ಷೆಯಾಗಿ ಇದನ್ನೇ ಶಿಫಾರಸು ಮಾಡುತ್ತದೆ. ನೆದರ್ಲೆಂಡ್ಸ್, ಆಸ್ಟ್ರೇಲಿಯ, ಇಂಗ್ಲೆಂಡ್ ಮೊದಲಾದ ದೇಶಗಳು ಈ ಮಾರ್ಗವನ್ನು ಹಿಡಿದಿವೆ. ಅಲ್ಲಿ ವೈರಾಣು ಕಂಡುಬಂದವರ ಲೇಪವನ್ನು ಮಾತ್ರ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋಡಬೇಕಾದ ಪಟ್ಟಿಗಳು ಕಡಿಮೆಯಾದವು, ಪ್ರಯೋಗಾಲಯಗಳು ಮುಚ್ಚಿದವು ಅಥವಾ ಒಂದಾದವು. ಗಣಕಯಂತ್ರವೇ ಪಟ್ಟಿಯನ್ನು ಶೋಧಿಸಿ ಅನುಮಾನದ ಜಾಗಗಳನ್ನು ತೋರಿಸುವ ವ್ಯವಸ್ಥೆಯೂ ಬಂದಿದೆ. ಹಾಗಿದ್ದಮೇಲೆ ಈ ಪದವಿ ಓದಿ ಪ್ರಯೋಜನವೇನು ಎಂಬ ಪ್ರಶ್ನೆ ನ್ಯಾಯವಾದುದೇ.

ನನ್ನ ಅಭಿಪ್ರಾಯ ಇಷ್ಟು. ಪ್ಯಾಪ್ ಲೇಪವೊಂದನ್ನೇ ನಂಬಿ ಈ ವೃತ್ತಿಗೆ ಹೋಗುವುದು ಇನ್ನು ಮುಂದೆ ಜಾಣತನವಾಗದು. ಆದರೆ ಆ ದೇಶಗಳ ಲೆಕ್ಕ ನಮ್ಮದಲ್ಲ. ಪ್ಯಾಪ್ ಪರೀಕ್ಷೆಯು ನಮ್ಮ ಹಳ್ಳಿಗಳಿಗೆ ಎಂದೂ ಪೂರ್ತಿಯಾಗಿ ತಲುಪಲೇ ಇಲ್ಲ, ಆದ್ದರಿಂದ ಹೊರಟುಹೋಗುವ ಮಾತೂ ಇಲ್ಲ. ನಮ್ಮ ಆಸ್ಪತ್ರೆಗಳ ಕೋಶಶಾಸ್ತ್ರ ವಿಭಾಗದಲ್ಲಿ ಗಂಟುಗಳ, ದ್ರವಗಳ ಪರೀಕ್ಷೆ ಹೇರಳವಾಗಿದೆ, ಅದಕ್ಕೆ ವೈರಾಣುವಿನ ಯಂತ್ರ ಪರಿಹಾರವಲ್ಲ. ಶ್ವಾಸಕೋಶದ ಗಂಟಿಗೆ ಸೂಜಿ ಹಾಕುವಾಗ ಪಕ್ಕದಲ್ಲಿಯೇ ನಿಂತು, ಬಂದ ಕೋಶಗಳು ಸಾಕೇ, ಇನ್ನೊಮ್ಮೆ ಚುಚ್ಚಬೇಕೇ ಎಂಬುದನ್ನು ನಿಮಿಷಗಳಲ್ಲಿ ನೋಡಿ ಹೇಳುವವರ ಬೇಡಿಕೆ ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚುತ್ತಿದೆ. ಅದೇ ಕೋಶಗಳ ಮೇಲೆ ಅಣುಮಟ್ಟದ ಪರೀಕ್ಷೆ ಮಾಡಿ ಔಷಧ ನಿರ್ಧರಿಸುವ ಕಾಲವಿದು. ಕೋಶಶಾಸ್ತ್ರದ ಜೊತೆಗೆ ಅಂಗಾಂಶ ತಂತ್ರವನ್ನೂ ಅಣುಜೀವವಿಜ್ಞಾನದ ಪರೀಕ್ಷೆಗಳನ್ನೂ ಕಲಿತವರಿಗೆ ಕೆಲಸದ ಚಿಂತೆಯಿರದೆಂದು ನನ್ನ ಪೆಥಾಲಜಿಸ್ಟ್ ಮಿತ್ರರೂ ಹೇಳುತ್ತಾರೆ. ಪದವಿಗೆ ಸೇರುವ ಮಗು ಈ ಮೂರನ್ನೂ ಕಲಿಸುವ ಕಾಲೇಜನ್ನೇ ಆರಿಸಿಕೊಳ್ಳಲಿ.

ತಾಯಂದಿರಿಗೆ

2022ರ ಜಾಗತಿಕ ಕ್ಯಾನ್ಸರ್ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ತಗುಲಿತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ವೈರಾಣು ತಗುಲಿದ ದಿನದಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷಗಳ ಅವಕಾಶವಿದೆ. ಅಷ್ಟು ದೀರ್ಘ ಕಾಲದಲ್ಲಿ ಒಂದೆರಡು ಸಲವಾದರೂ ನೋಡಿದ್ದರೆ ಇವರಲ್ಲಿ ಬಹಳ ಮಂದಿ ಬದುಕುತ್ತಿದ್ದರು. 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಸರ್ಕಾರಿ ಕೇಂದ್ರಗಳಲ್ಲಿ ಗರ್ಭಕಂಠಕ್ಕೆ ದುರ್ಬಲ ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ಸುಲಭ ವಿಧಾನವನ್ನು ಅನುಸರಿಸುತ್ತಾರೆ. ದೋಷ ಕಂಡರೆ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ.

ಪ್ಯಾಪ್ ಲೇಪ ಕೊಡಲು ಹೋಗುವವರು ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು. ಹಿಂದಿನ ಎರಡು ದಿನ ಯೋನಿಯೊಳಗೆ ಯಾವ ಔಷಧವನ್ನೂ, ನಮ್ಮ ಆಯುರ್ವೇದದ ತೈಲ ಪಿಚುವನ್ನೂ ಸೇರಿಸಿ, ಇಡಬಾರದು, ಒಳಗೆ ನೀರು ಹಾಕಿ ತೊಳೆಯಬಾರದು, ಸಂಗವೂ ಬೇಡ. ಅಲ್ಲಿ ಒಂದು ಅರ್ಜಿ ತುಂಬಲು ಕೊಡುತ್ತಾರೆ. ಸಂಕೋಚಪಟ್ಟು ಅದನ್ನು ಖಾಲಿ ಬಿಡುವವರೇ ಹೆಚ್ಚು. ವಯಸ್ಸು, ಕಡೆಯ ಮುಟ್ಟಾದ ದಿನಾಂಕ, ಹೆರಿಗೆಗಳೆಷ್ಟು, ವಂಕಿ ಹಾಕಿಸಿಕೊಂಡಿದ್ದೀರಾ, ಹಿಂದೆ ಗರ್ಭಕೋಶದ ಶಸ್ತ್ರಕ್ರಿಯೆ ಅಥವಾ ವಿಕಿರಣ ಚಿಕಿತ್ಸೆ ಆಗಿದೆಯೇ, ಇವನ್ನೆಲ್ಲ ಬರೆಯಿಸಿ. ಬಾಣಂತಿಯ ಕೋಶ, ಮುಟ್ಟು ನಿಂತವರ ಕೋಶ, ವಿಕಿರಣ ತಾಗಿದ ಕೋಶ ಒಂದೊಂದೂ ಬೇರೆಯಾಗಿ ಕಾಣುತ್ತದೆ. ಸೂಕ್ಷ್ಮದರ್ಶಕದ ಮುಂದೆ ಕುಳಿತ ಹುಡುಗಿಗೆ ನಿಮ್ಮ ಮುಖ ಕಾಣುವುದಿಲ್ಲ. ಆ ಕಾಗದದಲ್ಲಿ ಬರೆದದ್ದಷ್ಟೇ ಅವಳಿಗೆ ನಿಮ್ಮ ಬಗ್ಗೆ ತಿಳಿದಿರುತ್ತದೆ.